ಕೇಳದೆ ಕುಡಿಯುವ ಮರ

ದಾವಣಗೆರೆಯಿಂದ ತೆಂಕಣಕ್ಕೆ ಹೊರಟ ಬಸ್ಸು ಹದಡಿ ಮುಟ್ಟುವಷ್ಟರಲ್ಲಿ ಕಣ್ತುಂಬ ಹಸಿರು. ಭದ್ರಾ ನಾಲೆಯ ನೀರುಂಡ ಗದ್ದೆ, ಗದ್ದೆಯನ್ನು ಒತ್ತರಿಸುತ್ತ ಬಂದಿರುವ ಅಡಿಕೆ ತೋಟ, ಊರ ಮಗ್ಗುಲಿಗೆ ಕೆರೆ. ವರ್ಷಕ್ಕೆ ಹೆಚ್ಚುಕಡಿಮೆ 650 ಮಿಲಿಮೀಟರ್ ಮಳೆ ಕಾಣುವ ಬಯಲುಸೀಮೆಯಲ್ಲಿ ಅಡಿಕೆ ತಲೆ ಎತ್ತಿ ನಿಂತಿರುವುದೇ ಒಂದು ಸೋಜಿಗ. ಅದರ ಬಹುಪಾಲು ಬೇರು ಮೇಲಿನ ಒಂದು ಮೀಟರ್ ಮಣ್ಣು ದಾಟುವುದಿಲ್ಲ. ಹಾಗಾಗಿ ನಾಲೆ ನಿಂತರೆ ಬೋರ್‌ವೆಲ್, ಅದೂ ಸೋತರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ರೈತರು ದುಡ್ಡು ಕೊಟ್ಟು ನೀರು ತರಿಸಿ ತೋಟಕ್ಕೆ ಹಾಯಿಸಿದರು.

ಕೆರೆ ಏರಿಯ ಮೇಲೆ ಎಮ್ಮೆ ಕಾಯುತ್ತಿದ್ದ ಹಿರಿಯರೊಬ್ಬರು ಇದನ್ನೇ ಒಂದು ಮಾತಿನಲ್ಲಿ ಮುಗಿಸಿದರು: "ಅಡಿಕಿ ಬಾಯ್ಬಿಟ್ಟು ನೀರು ಕೇಳ್ತತಿ. ನೀಲಗಿರಿ ಕೇಳಂಗಿಲ್ಲ ನೋಡ್ರಿ."

ಕೇಳದೆ ಎಷ್ಟು ಕುಡಿಯುತ್ತದೆ? ಅದನ್ನು ಅಳೆದವರೂ ಇದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಇಂಗ್ಲೆಂಡಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ಸಂಶೋಧಕರು ನೀಲಗಿರಿಯ ಕಾಂಡಕ್ಕೆ ಭಾರಜಲ ಚುಚ್ಚಿ, ಎಲೆಗಳಿಂದ ಹೊರಬಿದ್ದ ಆವಿಯಲ್ಲಿ ಅದರ ಜಾಡು ಹಿಡಿದರು. ಶಿವಮೊಗ್ಗ ಬಳಿಯ ಪುರದಾಳಿನಲ್ಲಿ ನೀಲಗಿರಿ ಕುಡಿದದ್ದು ಅಲ್ಲಿನ ನಾಡಕಾಡಿನಷ್ಟೇ. ನೀಲಗಿರಿಯನ್ನು ಬೈಯಲೆಂದೇ ಹೊರಟವರು ಇದನ್ನು ಹೇಳದೆ ಬಿಟ್ಟುಬಿಡುತ್ತಾರೆ. ಬೆಚ್ಚಿಬೀಳಿಸಿದ್ದು ಹೊಸಕೋಟೆ. ಎಂಟು ಮೀಟರಿಗೂ ಆಳವಾದ ಮಣ್ಣಿನ ಆ ಹೊಲದಲ್ಲಿ ಮೂರು ವರ್ಷಕ್ಕೆ ಬಿದ್ದ ಮಳೆ 2100 ಮಿಲಿಮೀಟರ್, ಮರಗಳು ಹೀರಿದ್ದು 3400! ಉಳಿದ 1300 ಎಲ್ಲಿಂದ ಬಂತು? ಹಿಂದಿನ ಮಳೆಗಾಲಗಳು ಮಣ್ಣಿನ ತಳದಲ್ಲಿ ಇಟ್ಟುಹೋಗಿದ್ದ ತೇವದಿಂದ. ಬೇರು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಕೆಳಗಿಳಿದು ಆ ಹಳೆಯ ಗಂಟಿಗೆ ಕೈ ಹಾಕಿತ್ತು. ರಾಗಿ ಬಳಸುವುದು ಇದರ ಅರ್ಧದಷ್ಟು ನೀರನ್ನು ಮಾತ್ರ. ರಾಗಿ ಕೊಯ್ದ ಹೊಲದಲ್ಲಿ ಕೆಳಗಿಳಿಯಲು ಒಂದಿಷ್ಟು ನೀರಾದರೂ ಮಿಗುತ್ತದೆ.

ಈ ಲೆಕ್ಕವನ್ನು ತಲೆಯಲ್ಲಿ ಹೊತ್ತೇ ಹರಿಹರಕ್ಕೆ ಬಂದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕಂಬಗಳನ್ನು ನೋಡಿ, ಸೇತುವೆ ದಾಟಿದರೆ ಆಚೆ ದಡದಲ್ಲಿ ಕುಮಾರಪಟ್ಟಣ. 1972ರಲ್ಲಿ ಶುರುವಾದ ಹರಿಹರ ಪಾಲಿಫೈಬರ್ಸ್ ಇರುವುದು ಅಲ್ಲಿ. ಹೆಸರು ಈ ದಡದ್ದು, ಹೊಗೆಗೊಳವೆ ಆ ದಡದ್ದು; ಜಿಲ್ಲೆಯೂ ಬೇರೆ, ಹಾವೇರಿ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯ ಪಕ್ಕದಲ್ಲೇ, ಹತ್ತಿಯ ಹಂಗಿಲ್ಲದೆ ಮರವನ್ನು ಬೇಯಿಸಿ ತಿರುಳು ತೆಗೆದು, ಅದರಿಂದ ಬಟ್ಟೆಯ ನೂಲಿಗೆ ಎಳೆ ಮಾಡುವ ಊರು! ನೀಲಗಿರಿ ದಿಮ್ಮಿಯನ್ನೂ ಅಂಗಡಿಯಲ್ಲಿ ತೂಗಾಡುವ ನುಣುಪು ಸೀರೆಯನ್ನೂ ಜೋಡಿಸಿ ನೋಡಲು ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ.

ಗಿರಣಿಗೆ ಮರ ಬೇಕಲ್ಲ. 1984ರಲ್ಲಿ ಸರ್ಕಾರ ಕಂಪನಿಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ, ಸುಮಾರು 75,000 ಎಕರೆಯಲ್ಲಿ ನೆಡುತೋಪು ಬೆಳೆಸಲು ಹೊರಟಿತು. ಕಡತಗಳಲ್ಲಿ ಆ ನೆಲ ಪಾಳು. ದನ ಮೇಯಿಸುವವರಿಗೆ, ಸೌದೆ ಆಯುವವರಿಗೆ ಅದೇ ಗೋಮಾಳ, ಅದೇ ಕಾಡು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ: 'ಕಿತ್ತಿಕೋ–ಹಚ್ಚಿಕೋ'. ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಸಂಸ್ಥೆ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು.

ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಈ ಮರ ಕಡಿದಲ್ಲಿಗೆ ಮುಗಿಯುವುದಿಲ್ಲ; ಬುಡ ಕಿತ್ತುಹಾಕದಿದ್ದರೆ ಮತ್ತೆ ಚಿಗುರುತ್ತದೆ. ಆ ಚಿಗುರು ಸಸಿಯಂತೆ ಮೊದಲಿನಿಂದ ಬೇರಿಳಿಸಬೇಕಾಗಿಲ್ಲ, ಹಳೆಯ ಬೇರು ಆಳದಲ್ಲಿ ಸಿದ್ಧವಾಗಿಯೇ ಇರುತ್ತದೆ.