ನಿಘಂಟಿನಲ್ಲಿ ಹಾಲು ಹುಡುಕಿದ ಹಾಗೆ

ಡಬ್ಬಿ ಡಬ್ಬಿಗೂ ಚೀಟಿ ಅಂಟಿಸಿಟ್ಟಿದ್ದರೂ, ಜೀರಿಗೆ ಬೇಕಾದಾಗ ಒಂದೊಂದರ ಮುಚ್ಚಳ ತೆಗೆದು ಮೂಸಿ ನೋಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮನುಷ್ಯರಲ್ಲಿ ಅಲ್ಲ ರೀ, ಕಂಪ್ಯೂಟರಿನಲ್ಲಿ!

ಎರಡನೆಯ ಮಗುವಾದ ಮೇಲೆ ಏಳು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದವಳು ನಾನು. ಹೋದ ವರ್ಷ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. "ಇಷ್ಟು ವರ್ಷದ ಮೇಲೆ ಇವರಿಗೆ ಏನು ನೆನಪಿರುತ್ತೆ?" ಎಂದು ಅಲ್ಲಿನ ಹುಡುಗರು ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಸುಳ್ಳೇನಲ್ಲ, ನನಗೂ ಒಳಗೊಳಗೇ ಅದೇ ಭಯ.

ಹೊರರೋಗಿಗಳ ಕೌಂಟರಿನಲ್ಲಿ ಬೆಳಿಗ್ಗೆ ಎಂಟಕ್ಕೇ ಸಾಲು. ಗುಮಾಸ್ತೆ ಫೋನ್ ನಂಬರು ಕೇಳಿ ಒತ್ತಿದರೆ ಹಳೆಯ ಚೀಟಿ ಬರಬೇಕು. ಬರುವುದಕ್ಕೆ ಹತ್ತು ಸೆಕೆಂಡು, ಒಮ್ಮೊಮ್ಮೆ ಇಪ್ಪತ್ತು. ಹತ್ತು ಸೆಕೆಂಡು ಏನು ಮಹಾ ಅನ್ನಬೇಡಿ! ನಾನೂರು ಜನರ ಸಾಲಿನ ಕೊನೆಯಲ್ಲಿ ಮಂಡಿ ನೋವಿನ ಅಜ್ಜಿಯೊಬ್ಬರು ನಿಂತಿದ್ದರೆ ಅವರ ಪಾಲಿಗೆ ಅದು ಒಂದು ಗಂಟೆಗೂ ಮೇಲೆ. ದೊಡ್ಡ ಯಂತ್ರ ಕೊಳ್ಳಬೇಕು, ಲಕ್ಷಗಟ್ಟಲೆ ಆಗುತ್ತದೆ ಅಂತ ಆಗಲೇ ಮಾತು ನಡೆದಿತ್ತು.

ಆ ದಾಖಲೆಗಳಿದ್ದದ್ದು ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶದಲ್ಲಿ. (1995ರಲ್ಲಿ ಅದನ್ನು ಹೊರತಂದವರಲ್ಲಿ ಒಬ್ಬರಾದ ಫಿನ್‌ಲೆಂಡಿನ ಮೈಕೆಲ್ ವಿಡೇನಿಯಸ್ ತಮ್ಮ ಮಗಳ ಹೆಸರನ್ನೇ ಅದಕ್ಕೆ ಇಟ್ಟರಂತೆ. ಅಪ್ಪಂದಿರು ಎಲ್ಲಾದರೂ ಒಂದೇ, ಅಲ್ಲವೇ?) ಎಕ್ಸ್‌ಪ್ಲೇನ್ ಎಂಬ ಆಜ್ಞೆ ಕೊಟ್ಟರೆ ತಾನು ಹೇಗೆ ಹುಡುಕುತ್ತೇನೆ ಅಂತ ಅದೇ ಬಾಯಿ ಬಿಡುತ್ತದೆ. ಕೊಟ್ಟು ನೋಡಿದೆ. ಫೋನ್ ನಂಬರಿಗೆ ಇಂಡೆಕ್ಸ್ ಇದೆ ಅಂತ ಒಪ್ಪಿಕೊಂಡಿತು. ಬಳಸಿದ್ದು ಯಾವುದು ಎನ್ನುವ ಕಡೆ 'ನಲ್' ಅಂದಿತು, ಅಂದರೆ ಯಾವುದೂ ಇಲ್ಲ. ಒಬ್ಬರ ಚೀಟಿಗಾಗಿ ಹದಿನಾಲ್ಕು ಲಕ್ಷ ಚೀಟಿಗಳನ್ನೂ ಮಗುಚುತ್ತಿತ್ತು!

ಇಂಡೆಕ್ಸ್ ಎಂದರೆ ನಿಘಂಟಿನ ಅಕಾರಾದಿ ಇದ್ದ ಹಾಗೆ. 1970ರಲ್ಲಿ ಬೋಯಿಂಗ್ ಸಂಸ್ಥೆಯಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬಿಬ್ಬರು ರೂಪಿಸಿದ ಬಿ-ಟ್ರೀ ಎಂಬ ಜೋಡಣೆಯಲ್ಲಿ ಹದಿನಾಲ್ಕು ಲಕ್ಷದಲ್ಲಿ ಒಂದನ್ನು ಹುಡುಕಲು ಮೂರು ನಾಲ್ಕು ಪುಟ ತಿರುವಿದರೆ ಮುಗಿಯಿತು. ಮತ್ತೆ ಇದಕ್ಕೇನು ಬಂತು ರೋಗ?

ಎರಡು ರಾತ್ರಿ ಮಕ್ಕಳನ್ನು ಮಲಗಿಸಿ ಕೂತೆ. ಎರಡು ತಿಂಗಳ ಹಿಂದೆ ಕೌಂಟರಿಗೆ ಹೊಸ ಪರದೆ ಬರೆದ ಹುಡುಗ, ಅಂಕಿಗಳನ್ನು ಬಿಟ್ಟು ಬೇರೇನೂ ಒತ್ತಬಾರದು ಎನ್ನುವ ಸದುದ್ದೇಶದಿಂದ ಫೋನ್ ನಂಬರನ್ನು 'ಸಂಖ್ಯೆ'ಯಾಗಿ ಕಳಿಸುತ್ತಿದ್ದ. ಕಡತದಲ್ಲಿ ಅದು ಇದ್ದದ್ದು 'ಅಕ್ಷರಮಾಲೆ'ಯಾಗಿ. ಸುತ್ತ ಒಂದು ಜೋಡಿ ಉದ್ಧರಣ ಚಿಹ್ನೆ ಇದ್ದರೆ ಅಕ್ಷರ, ಇಲ್ಲದಿದ್ದರೆ ಸಂಖ್ಯೆ, ಇಷ್ಟೇ ವ್ಯತ್ಯಾಸ. ಅಷ್ಟಕ್ಕೆ ಯಂತ್ರ ದಾರಿ ತಪ್ಪುತ್ತದೆಯೇ?

ತಪ್ಪುವುದು ನ್ಯಾಯವೇ ಅಂತ ಆಮೇಲೆ ಹೊಳೆಯಿತು. ನಿಘಂಟಿನಲ್ಲಿ 'ಹಾಲು' ಎಂಬ ಪದ ಹುಡುಕು ಎಂದರೆ 'ಹ'ಕ್ಕೆ ಹೋಗಿ ಒಂದು ಕ್ಷಣದಲ್ಲಿ ತೆಗೆಯುತ್ತೀರಿ. 'ಹಾಲು ಎಂಬ ಅರ್ಥದ ಪದಗಳನ್ನೆಲ್ಲ ತೆಗೆ' ಎಂದರೆ? ಕ್ಷೀರ ಕಕಾರದಲ್ಲಿ, ದುಗ್ಧ ದಕಾರದಲ್ಲಿ, ಹಳಗನ್ನಡದ ಪಾಲ್ ಪಕಾರದಲ್ಲಿ. ಮೊದಲ ಪುಟದಿಂದ ಕೊನೆಯವರೆಗೆ ಓದದೆ ಗತಿಯಿಲ್ಲ. ಹಾಗೇ ಏಳು ಎಂಬ ಬೆಲೆ '7' ಎಂದೂ ಇರಬಹುದು, '07' ಎಂದೂ ಇರಬಹುದು, ಹಿಂದೆ ಜಾಗ ಬಿಟ್ಟು ಬರೆದ ' 7' ಎಂದೂ ಇರಬಹುದು. ಅಕ್ಷರದ ಕ್ರಮದಲ್ಲಿ ಅವು ಒಂದೊಂದು ಒಂದೊಂದು ಮೂಲೆ. ಪಾಪ, ಎಲ್ಲವನ್ನೂ ಸಂಖ್ಯೆ ಮಾಡಿ ನೋಡುತ್ತಿತ್ತು.

ಒಂದೇ ಸಾಲು ತಿದ್ದಿದೆ. ಗುಮಾಸ್ತೆ ಬೆರಳು ಎತ್ತುವಷ್ಟರಲ್ಲಿ ಚೀಟಿ ಬಂತು! ಯಂತ್ರ ಕೊಳ್ಳುವ ಮಾತು ನಿಂತಿತು. ಆ ಸಂಜೆ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದೆ.

ಪಾಯಸದ ರುಚಿ ಆರುವ ಮುಂಚೆ, ಮೂರನೆಯ ದಿನ ಕರೆ ಬಂತು. ವಯಸ್ಸಾದ ತಾಯಿಯೊಬ್ಬರ ನಂಬರು ಒತ್ತಿದರೆ 'ದಾಖಲೆ ಇಲ್ಲ' ಎಂದಿತಂತೆ. ಹೊಸ ಚೀಟಿ ಮಾಡಿಕೊಟ್ಟರು. ಒಳಗೆ ಸೂಜಿ ಚುಚ್ಚಲು ಬಂದಾಗ ಆಕೆ, "ಪೆನಿಸಿಲಿನ್ ನನಗೆ ಆಗಲ್ಲಾಂತ ನೀವೇ ಬರ್ಕೊಂಡಿದ್ರಲ್ಲಮ್ಮಾ" ಎಂದರಂತೆ. ಹಳೆಯ ಚೀಟಿಯಲ್ಲಿ ಕೆಂಪಕ್ಷರದಲ್ಲಿ ಬರೆದೇ ಇತ್ತು.

ನನ್ನ ಕೈಕಾಲು ತಣ್ಣಗಾದವು. ಹೊರ ಊರಿನ ಮೊಬೈಲಿಗೆ ಮುಂದೆ ಸೊನ್ನೆ ಒತ್ತುತ್ತಿದ್ದ ಕಾಲದಲ್ಲಿ ಆಕೆಯ ನಂಬರನ್ನು ಸೊನ್ನೆ ಸಮೇತ ಬರೆದಿದ್ದರು. ಸಂಖ್ಯೆಯಾಗಿ ನೋಡಿದಾಗ ಸೊನ್ನೆಗೆ ಬೆಲೆಯಿಲ್ಲ, ಸಿಗುತ್ತಿತ್ತು. ಅಕ್ಷರವಾಗಿ ನೋಡಿದಾಗ ಅದೇ ಬೇರೆ ನಂಬರು! ಹಳೆಯ ಪರದೆಯ ಕಾಲಕ್ಕೆ ಗುಮಾಸ್ತೆಯರು ಸಿಗದಿದ್ದರೆ ಸೊನ್ನೆ ಸೇರಿಸಿ ಇನ್ನೊಮ್ಮೆ ಒತ್ತುತ್ತಿದ್ದರಂತೆ. ಎರಡೇ ತಿಂಗಳಲ್ಲಿ ಆ ಅಭ್ಯಾಸ ತಪ್ಪಿಹೋಗಿತ್ತು. ನನಗೆ ಯಾರೂ ಹೇಳಲಿಲ್ಲ ನಿಜ, ಆದರೆ ನಾನೂ ಅವರನ್ನು ಕೇಳಲಿಲ್ಲವಲ್ಲ!

ಸೊನ್ನೆಗಳನ್ನೆಲ್ಲ ಅಳಿಸಿಬಿಡೋಣ ಎಂದ ಒಬ್ಬ ಹುಡುಗ. ಬೇಡ ಎಂದೆ. ಮೈಸೂರಿನ ಸ್ಥಿರ ದೂರವಾಣಿ 0821ರಿಂದ ಶುರುವಾಗುತ್ತದೆ, ಅದು ಬರೆದಂತೆಯೇ ಇರಲಿ. ಪಕ್ಕದಲ್ಲಿ ಇನ್ನೊಂದು ಅಂಕಣ ಮಾಡಿ, ಮುಂದಿನ ಸೊನ್ನೆ, ಖಾಲಿ ಜಾಗ ತೆಗೆದ ನಂಬರನ್ನು ಅದರಲ್ಲಿಟ್ಟು, ಇಂಡೆಕ್ಸನ್ನು ಅದಕ್ಕೆ ಕಟ್ಟಿದೆ. ಕೇಳುವ ನಂಬರಿಗೂ ಅದೇ ಸ್ನಾನ ಮಾಡಿಸಿಯೇ ಒಳಗೆ ಬಿಡುವುದು. ಈ ಸಲ ಕೌಂಟರಿನಲ್ಲೇ ಒಂದು ಬೆಳಿಗ್ಗೆ ಪೂರ್ತಿ ಕೂತು ನೋಡಿದೆ. ಆ ತಾಯಿಯ ಎರಡು ಚೀಟಿಗಳನ್ನು ನಾನೇ ಒಂದು ಮಾಡಿದೆ.

ಮೊನ್ನೆ ಗುಮಾಸ್ತೆ ಸಿಕ್ಕಿ ದೂರು ಹೇಳಿದಳು: "ಮೊದಲು ಚೀಟಿ ಬರೋದ್ರೊಳಗೆ ಎರಡು ಗುಟುಕು ಕಾಫಿ ಆಗ್ತಿತ್ತು ಮೇಡಂ. ಈಗ ಲೋಟ ಹಾಗೇ ಆರಿ ಹೋಗುತ್ತೆ!"