ನಂಟರಿಲ್ಲದವರ ನಂಟು

ಕ್ರೈಸ್ತರ ಪ್ರಾರ್ಥನಾಮಂದಿರಕ್ಕೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳುಂಟು. ಕರಾವಳಿಯವರು ಇಗರ್ಜಿಯೆನ್ನುವರು, ಪಟ್ಟಣದವರು ಚರ್ಚೆನ್ನುವರು, ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ದೇವಾಲಯವೆಂದೂ ಗುಡಿಯೆಂದೂ ಕರೆಯುವುದುಂಟು. ಇವುಗಳಲ್ಲಿ ಇಗರ್ಜಿಯೆಂಬುದು ಪೋರ್ಚುಗೀಸರಿಂದ ಬಂದ ಮಾತು. ಅದಕ್ಕೆ ಮೂಲ ಗ್ರೀಕರ ‘ಎಕ್ಲೇಸಿಯಾ’. ಆ ಮೂಲಪದಕ್ಕೆ ಕಟ್ಟಡವೆಂಬ ಅರ್ಥವಿರಲಿಲ್ಲ. ಕರೆಯನ್ನು ಕೇಳಿ ಮನೆಗಳಿಂದ ಹೊರಟು ಬಂದು ಕೂಡಿದ ಜನವೆಂದು ಅದರ ಅರ್ಥ. ಬೈಬಲನ್ನು ಕನ್ನಡಿಸಿದವರು ಅದಕ್ಕೆ ‘ಸಭೆ’ಯೆಂಬ ಪದವನ್ನು ಆರಿಸಿಕೊಂಡರು. ಪದವೇನೋ ಚೆನ್ನಾಗಿದೆ. ಆದರೆ ಸಭೆಯೆಂದರೆ ನಮ್ಮ ಬಳಕೆಯಲ್ಲಿ ಕೂಡಿ ಚದರುವಂಥದು. ಭಾಷಣ ಮುಗಿದು ವಂದನಾರ್ಪಣೆಯಾದ ಮೇಲೆ ಎದ್ದು ಹೋಗುವಂಥದು. ಕೂಡಿದವರು ಚದರಿದ ಮೇಲೆಯೂ ಒಬ್ಬರಿಗೊಬ್ಬರು ಏನಾದರೂ ಆಗಿ ಉಳಿಯುವರೇ? ಕ್ರೈಸ್ತ ಸಭೆಯನ್ನು ಒರೆಗೆ ಹಚ್ಚಬೇಕಾದ ಪ್ರಶ್ನೆ ಇದೇ ಎಂದು ನನಗೆ ತೋರುವುದು.

ಈ ಪ್ರಶ್ನೆಗೆ ದೂರದ ರೋಮಿನಲ್ಲಿ ಉತ್ತರವನ್ನು ಹುಡುಕಬೇಕಾದುದಿಲ್ಲ. ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಅದು ದೊರೆಯುವುದು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಳಬರು ಹೇಳುತ್ತಿದ್ದ ಮಹಾಕ್ಷಾಮವು ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟಿತು. ೧೮೭೧ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಆಗಿದ್ದಿತು. ೧೮೮೧ರಲ್ಲಿ ಅದು ೪೧,೮೬,೧೮೮ಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಮೆಯಾಯಿತೆಂದರೆ, ಎಷ್ಟು ಮನೆಗಳ ಒಲೆ ಆರಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಸತ್ತವರ ಲೆಕ್ಕವನ್ನು ಸರಕಾರ ಬರೆದಿಟ್ಟಿತು. ಗಂಜಿಕೇಂದ್ರಗಳ ಬಳಿಯಲ್ಲಿಯೂ ರಸ್ತೆಗಳ ಬದಿಯಲ್ಲಿಯೂ ತಂದೆತಾಯಿಗಳನ್ನು ಕಳೆದುಕೊಂಡು ಬದುಕಿ ಉಳಿದ ಮಕ್ಕಳದು ಬೇರೆಯೇ ಲೆಕ್ಕ.

ಆಗ ಮೈಸೂರು ಸೀಮೆಯ ಕಥೋಲಿಕ ಸಭೆಯು ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಗುರುಗಳ ಕೈಯಲ್ಲಿದ್ದಿತು. ಶೆವಾಲಿಯೇ ಎಂಬವರು ಬಿಷಪ್ಪರಾಗಿದ್ದರು. ಅನಾಥ ಮಕ್ಕಳನ್ನು ತಂದು ಸಾಕಿದ್ದು ಮೊದಲನೆಯ ಕೆಲಸ. ಅವರು ಬೆಳೆದ ಮೇಲೆ ಎಲ್ಲಿಗೆ ಹೋಗಬೇಕು? ಹಿಂದಿರುಗಲು ಊರಿಲ್ಲ, ಉಳಲು ಹೊಲವಿಲ್ಲ, ಬಾ ಎನ್ನಲು ಒಬ್ಬ ದಾಯಾದಿಯಿಲ್ಲ. ಆದಕಾರಣ ಅವರಿಗಾಗಿ ಬೇಸಾಯದ ಹಳ್ಳಿಗಳು ಹುಟ್ಟಿದವು: ನೆಲಮಂಗಲದ ತಾಲ್ಲೂಕಿನಲ್ಲಿ ಸಿಲುವೆಪುರ, ದೊಡ್ಡಬಳ್ಳಾಪುರದ ತಾಲ್ಲೂಕಿನಲ್ಲಿ ನಾಗೇನಹಳ್ಳಿ, ಕಾನಕಾನಹಳ್ಳಿಯ ತಾಲ್ಲೂಕಿನಲ್ಲಿ ಮರಿಯಾಪುರ. ಸಿಲುವೆಯೆಂದರೆ ಶಿಲುಬೆ, ಸಿರಿಯಾಕ್ ಭಾಷೆಯಿಂದ ಹೊರಟು, ತಮಿಳಿನಲ್ಲಿ ಸಿಲುವೈಯಾಗಿ, ನಮ್ಮಲ್ಲಿಗೆ ಬಂದ ಮಾತು. ಹೆಸರಘಟ್ಟದ ದಾರಿಯಲ್ಲಿ ಹೋಗುವವರು ಇಂದಿಗೂ ಸಿಲ್ವೆಪುರವೆಂಬ ಹಲಗೆಯನ್ನು ಕಾಣಬಹುದು. ಅದು ಶಿಲುಬೆಯ ಊರೆಂದಾಗಲಿ, ಬರದ ಮಕ್ಕಳ ಊರೆಂದಾಗಲಿ ಬಹುಮಂದಿಗೆ ತಿಳಿಯದು.

ಈ ಹಳ್ಳಿಗಳ ವಿಶೇಷವೇನೆಂಬುದನ್ನು ತುಸು ನಿಂತು ಯೋಚಿಸಬೇಕು. ನಮ್ಮ ದೇಶದಲ್ಲಿ ಮನುಷ್ಯನು ಅನ್ನದಿಂದ ಮಾತ್ರ ಬದುಕುವವನಲ್ಲ, ನಂಟಿನಿಂದ ಬದುಕುವವನು. ಹೆಸರಿಡಲು ಸೋದರತ್ತೆ ಬೇಕು. ಮದುವೆಗೆ ಸೋದರಮಾವ ಬೇಕು. ಹೆರಿಗೆಗೆ ತವರು ಬೇಕು. ಸತ್ತರೆ ಹೊರಲು ನಾಲ್ಕು ಹೆಗಲು ಬೇಕು. ಇವೆಲ್ಲವೂ ಹುಟ್ಟಿನಿಂದ ತಾವಾಗಿ ಬರುವುವು. ಯಾರೂ ಇವನ್ನು ಸಂಪಾದಿಸುವುದಿಲ್ಲ. ಹುಟ್ಟಿನಿಂದ ಬಂದುದೆಲ್ಲವೂ ಒಮ್ಮೆಲೆ ಕಳೆದುಹೋದ ನೂರಾರು ಮಕ್ಕಳು ಒಂದೆಡೆ ಸೇರಿದಾಗ ಅವರಿಗೆ ಉಳಿದ ನಂಟು ಒಂದೇ, ಜ್ಞಾನಸ್ನಾನದ ನಂಟು. ಸ್ನಾನದ ತೊಟ್ಟಿಯ ಮುಂದೆ ಮಗುವಿನ ಪರವಾಗಿ ನಿಂತು ಹೊಣೆ ಹೊರುವವರನ್ನು ನಾವು ಜ್ಞಾನತಂದೆ, ಜ್ಞಾನತಾಯಿ ಎನ್ನುವೆವು. ಬೇರೆ ಊರುಗಳಲ್ಲಿ ಇದು ಹೆತ್ತವರ ಜೊತೆಗೆ ಸೇರುವ ಒಂದು ಉಪಚಾರ. ಇಲ್ಲಿ ಹೆತ್ತವರ ಸ್ಥಾನದಲ್ಲಿಯೇ ನಿಂತದ್ದು ಅದು.

ನನ್ನ ಮುತ್ತಜ್ಜಿ ಅಂತಹ ಮಕ್ಕಳಲ್ಲಿ ಒಬ್ಬಳು. ತನ್ನ ತಂದೆಯ ಹೆಸರನ್ನು ಆಕೆ ಅರಿಯಳು, ಊರನ್ನೂ ಅರಿಯಳು. ಹುಣಿಸೆಯ ಮರದ ಕೆಳಗೆ ಒಂದು ಬಾವಿ, ಅದರಲ್ಲಿ ನೀರಿಲ್ಲ; ಇಷ್ಟೇ ಆಕೆಯ ನೆನಪೆಂದು ನನ್ನ ತಂದೆಯವರು ಹೇಳುತ್ತಿದ್ದರು. ಆಕೆಗೆ ಚೊಚ್ಚಲ ಹೆರಿಗೆಯಾದಾಗ ಬಾಣಂತನ ಮಾಡಿದವಳು ನೆರೆಮನೆಯ ಹೆಂಗಸು. ಆಕೆಯೂ ಬರದಲ್ಲಿ ಎಲ್ಲರನ್ನೂ ಕಳೆದುಕೊಂಡವಳೇ. ತವರಿಲ್ಲದವಳಿಗೆ ತವರಿಲ್ಲದವಳೇ ತವರಾದಳು. ಕ್ರಿಸ್ತಪ್ರೀತಿಯೆಂಬುದನ್ನು ಕುರಿತು ನಾನು ಅನೇಕ ಪ್ರಸಂಗಗಳನ್ನು ಕೇಳಿರುವೆನು. ಈ ಒಂದು ಬಾಣಂತನದಲ್ಲಿ ಅಡಗಿರುವುದಕ್ಕಿಂತ ಹೆಚ್ಚಿನದನ್ನು ಅವುಗಳಲ್ಲಿ ಕಂಡಂತೆ ನೆನಪಿಲ್ಲ.

ಇದನ್ನು ಓದುವವರಲ್ಲಿ ಒಬ್ಬಿಬ್ಬರ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹಸಿದ ಮಕ್ಕಳಿಗೆ ಅನ್ನವನ್ನಿಟ್ಟು ಮತವನ್ನು ಬದಲಾಯಿಸಿದರಲ್ಲವೇ ಎಂದು ಅವರು ಕೇಳುವರು. ಕೇಳತಕ್ಕ ಮಾತೇ. ಆ ಮಕ್ಕಳು ಆಲೋಚಿಸಿ ಆರಿಸಿಕೊಂಡವರಲ್ಲ. ಹಸಿವು ಅವರನ್ನು ಆ ಬಾಗಿಲಿಗೆ ತಂದಿತು. ಅನ್ನವನ್ನಿಕ್ಕಿ ಹೆಸರನ್ನು ಬದಲಾಯಿಸಿದ್ದರಲ್ಲಿಯೇ ಎಲ್ಲವೂ ಮುಗಿದಿದ್ದರೆ ಅದು ಒಂದು ವ್ಯಾಪಾರವಾಗುತ್ತಿದ್ದಿತು. ಅನ್ನದ ಋಣ ತೀರಿದ ಮೇಲೆಯೂ ಉಳಿದದ್ದೇನು ಎಂಬುದರಿಂದಲೇ ಅದನ್ನು ತೂಗಬೇಕು. ಆ ತೂಕವನ್ನು ಮಾಡಬೇಕಾದವರು ಪ್ಯಾರಿಸಿನಿಂದ ಬಂದ ಗುರುಗಳಲ್ಲ. ಅವರು ಎಂದೋ ಮಣ್ಣಾದರು. ಆ ಸಭೆಯ ಮಕ್ಕಳೆನಿಸಿಕೊಂಡಿರುವ ನಾವು ಅದನ್ನು ಮಾಡಬೇಕು. ಅನಾಥನಿಗೆ ನಂಟನಾಗುವೆನೆಂದು ಕೊಟ್ಟ ಮಾತನ್ನು ನಾವು ನಡಸುತ್ತಿರುವೆವೋ ಇಲ್ಲವೋ?

ಸಭೆಯೊಳಗಿನ ಪ್ರೀತಿ ಸುಲಭವಾದುದೆಂದು ಮೊದಲಿನಿಂದಲೂ ಯಾರೂ ಹೇಳಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಮೊಟ್ಟಮೊದಲ ಒಳಜಗಳ ಊಟದ ವಿಷಯವಾದುದು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸುತ್ತಿರುವರೆಂದು ದೂರು ಹುಟ್ಟಿತು. ಅದನ್ನು ಸರಿಪಡಿಸುವುದಕ್ಕೆ ಏಳು ಮಂದಿಯನ್ನು ನೇಮಿಸಿದರು. ಕೊರಿಂಥ ಪಟ್ಟಣದಲ್ಲಿ ಇನ್ನೂ ಹೆಚ್ಚು. ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮುಗಿಸುವರು. ದುಡಿದು ತಡವಾಗಿ ಬಂದವರು ಹಸಿದಿರುವರು. ಆ ಮೇಲೆ ಎಲ್ಲರೂ ಒಂದೇ ರೊಟ್ಟಿಯನ್ನು ಮುರಿಯುವರು. ಸಂತ ಪೌಲನು ಇದಕ್ಕಾಗಿ ಅವರನ್ನು ಕಠಿನವಾಗಿ ಗದರಿದನು. ಹೊರಗಿನವರಿಗೆ ದಾನ ಮಾಡಲಿಲ್ಲವೆಂದು ಅವನು ಗದರಲಿಲ್ಲ. ಒಂದೇ ಮನೆಯೊಳಗೆ ಎರಡು ಪಂಕ್ತಿಯಾಯಿತೆಂದು ಗದರಿದನು.

ಹೊರಗಿನವರಿಗೆ ಮಾಡುವುದರಲ್ಲಿ ನಮ್ಮ ಸಭೆಗಳು ಹಿಂದೆ ಬಿದ್ದಿಲ್ಲವೆಂದು ಸಂತೋಷದಿಂದ ಹೇಳಬಹುದು. ಬೆಂಗಳೂರಿನ ಸಂತ ಮಾರ್ಥಳ ಆಸ್ಪತ್ರೆ ೧೮೮೬ರಲ್ಲಿ ಆರಂಭವಾಯಿತು. ಅದರ ಬಾಗಿಲಲ್ಲಿ ರೋಗಿಯ ಮತವನ್ನು ಕೇಳಿದವರಿಲ್ಲ. ಶಾಲೆಗಳ ಮಾತನ್ನು ಹೇಳಲೇಬೇಕಾಗಿಲ್ಲ. ಆದರೆ ಹೊರಗಿನವನಿಗೆ ಕೊಡುವಾಗ ನಾನು ಮೇಲೆ, ಅವನು ಕೆಳಗೆ. ಕೈ ಮೇಲಿದ್ದೇ ಕೊಡುವುದು. ಒಳಗಿನವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಮಗಳನ್ನು ಕೊಡಬೇಕು, ಅದೇ ಸ್ಮಶಾನದಲ್ಲಿ ಅವನ ಬದಿಯಲ್ಲಿ ಮಲಗಬೇಕು. ಕಷ್ಟವಿರುವುದು ಇಲ್ಲಿ.

ನನ್ನ ಚಿಕ್ಕಪ್ಪನಿಗೆ ಹೆಣ್ಣು ನೋಡುವ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆನು. ಊರಿನ ಹೆಸರು ಬೇಡ. ಎರಡು ಮನೆಯವರೂ ಒಪ್ಪಿದ್ದರು. ವೀಳ್ಯದ ತಟ್ಟೆ ಮುಂದಿದ್ದಿತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ವಿನಯದಿಂದಲೇ, “ತಮ್ಮ ಹಿರಿಯರು ಮೊದಲು ಏನಾಗಿದ್ದವರು?” ಎಂದು ಕೇಳಿದರು. ಕೇಳಿದ್ದು ಕುಲವನ್ನೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನನ್ನ ತಂದೆಯವರು, “ನಾವು ಬರದ ಮಕ್ಕಳು, ಸ್ವಾಮಿ. ಅದಕ್ಕೆ ಹಿಂದಿನದು ನಮಗೆ ಗೊತ್ತಿಲ್ಲ” ಎಂದರು. ಆ ಸಂಬಂಧ ನಡೆಯಲಿಲ್ಲ. ಬೇರೊಂದು ಕಾರಣವನ್ನು ಹೇಳಿ ಕಳುಹಿದರು.

ನಮ್ಮಲ್ಲಿ ಮದುವೆಗೆ ಮುಂಚೆ ವಧೂವರರ ಹೆಸರುಗಳನ್ನು ಮೂರು ಭಾನುವಾರ ಬಲಿಪೂಜೆಯಲ್ಲಿ ಓದಿ, ಯಾರಿಗಾದರೂ ತಡೆ ತಿಳಿದಿದ್ದರೆ ಹೇಳಿರೆಂದು ಕೇಳುವ ಪದ್ಧತಿಯುಂಟು. ಹತ್ತಿರದ ರಕ್ತಸಂಬಂಧ ಒಂದು ತಡೆ. ಹಿಂದಿನ ಮದುವೆ ಒಂದು ತಡೆ. ಸಭೆಯ ಶಾಸನದಲ್ಲಿ ಕುಲವೆಂಬ ತಡೆ ಎಲ್ಲಿಯೂ ಇಲ್ಲ. ಶಾಸನದಲ್ಲಿ ಇಲ್ಲದುದು ತಟ್ಟೆಯ ಮುಂದೆ ಇದ್ದಿತು. ಇದಕ್ಕೆ ಹಳೆಯ ಬೇರುಗಳಿರುವುವು. ೧೬೦೬ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿಯು ಸಂನ್ಯಾಸಿಯ ವೇಷವನ್ನು ಧರಿಸಿ, ಮೇಲ್ಕುಲದವರಿಗೆ ಬೇರೆಯಾಗಿ ಉಪದೇಶಿಸಿದನು; ಅಂದಿನಿಂದ ಆ ಸೀಮೆಯಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಬಗೆಯ ಗುರುವೆಂಬ ಏರ್ಪಾಡು ಬಹುಕಾಲ ನಡೆಯಿತು. ನೊಬಿಲಿಯ ಪಾಂಡಿತ್ಯವೂ ತ್ಯಾಗವೂ ದೊಡ್ಡವು. ಆದರೆ ಬಾಗಿಲಲ್ಲಿ ಬಿಟ್ಟು ಬರಬೇಕಾದುದನ್ನು ಒಳಕ್ಕೆ ತರಲು ಅನುಮತಿ ದೊರೆತ ಮೇಲೆ ಅದು ಒಳಗೇ ಮನೆ ಮಾಡಿತು. ಕ್ರೈಸ್ತರಲ್ಲದ ವಾಚಕರು ಇದನ್ನು ಕೇಳಿ ಆಶ್ಚರ್ಯಪಡಲಾರರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಮಹಾಕಾರ್ಯಕ್ಕೆ ಬಿರುಗಾಳಿ ಎದ್ದುದು ಕೂಡ ಮಧುವರಸ ಹರಳಯ್ಯರ ಮಕ್ಕಳ ಮದುವೆಯಿಂದಲೇ ಎಂದು ಕಥೆ ಹೇಳುವುದಲ್ಲವೇ? ಸಮಾನತೆಯನ್ನು ನಾವು ಪ್ರವಚನದಲ್ಲಿ ಒಪ್ಪುವೆವು, ಪಂಕ್ತಿಯಲ್ಲಿ ಸಹಿಸುವೆವು, ಬೀಗತನದಲ್ಲಿ ಬೆದರುವೆವು.

ಆ ಹಿರಿಯರ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಕ್ಕಳು ದೂರದಲ್ಲಿದ್ದರು. ನನ್ನ ತಂದೆಯವರು ವಿನ್ಸೆಂಟ್ ದೆ ಪೌಲರ ಸಂಘಕ್ಕೆ ಸೇರಿದವರು. ೧೮೩೩ರಲ್ಲಿ ಪ್ಯಾರಿಸಿನ ವಿದ್ಯಾರ್ಥಿಯಾಗಿದ್ದ ಓಝನಾಮನೂ ಅವನ ಗೆಳೆಯರೂ ಸೇರಿ ಸ್ಥಾಪಿಸಿದ ಸಂಘ ಅದು. ಕಷ್ಟದಲ್ಲಿರುವವರ ಮನೆಗೆ ತಾವೇ ನಡೆದು ಹೋಗಿ ಅವರೊಡನೆ ಕೂರಬೇಕೆಂಬುದು ಅದರ ಮುಖ್ಯ ನಿಯಮ. ಸರದಿಯಲ್ಲಿ ಆ ಮನೆ ತಂದೆಯವರ ಪಾಲಿಗೆ ಬಂದಿತು. ವಾರಕ್ಕೊಮ್ಮೆ ಹೋಗಿ, ರೋಗಿಯ ಮಗ್ಗುಲನ್ನು ಹೊರಳಿಸಿ, ಬೆನ್ನು ಒರಸಿ, ಜಪಸರ ಹೇಳಿ ಬರುತ್ತಿದ್ದರು. ಅವಮಾನವನ್ನು ಮರೆತಿರೋ ಎಂದು ನಾನು ಒಮ್ಮೆ ಕೇಳಿದೆನು. “ಮರೆತಿಲ್ಲಪ್ಪ. ಅವರು ನನಗೆ ಇಷ್ಟವೆಂದು ಹೋಗುವುದಿಲ್ಲ. ಸರದಿ ಬಂತು, ಹೋಗುತ್ತೇನೆ” ಎಂದರು. ಆ ಹಿರಿಯರು ಎಂದೂ ಕ್ಷಮೆ ಕೇಳಲಿಲ್ಲ. ಕಡೆಯ ದಿನಗಳಲ್ಲಿ ಒಮ್ಮೆ, “ನೀವು ಬರದ ವಾರ ಹೊತ್ತೇ ಹೋಗುವುದಿಲ್ಲ” ಎಂದರಂತೆ. ಅಷ್ಟೇ.

ಈ ಪ್ರಸಂಗದಿಂದ ಎರಡು ವಿಷಯಗಳು ನನಗೆ ಸ್ಪಷ್ಟವಾದುವು. ಪ್ರೀತಿಯೂ ಇಷ್ಟವೂ ಒಂದೇ ಅಲ್ಲವೆಂಬುದು ಒಂದು. ಇಷ್ಟವು ಮನಸ್ಸಿನಲ್ಲಿ ತಾನಾಗಿ ಏಳುವುದು, ತಾನಾಗಿ ಅಡಗುವುದು. ಅದನ್ನು ಯಾರೂ ಆಜ್ಞಾಪಿಸಲಾರರು. ಕ್ರಿಸ್ತನು ಪ್ರೀತಿಯನ್ನು ಆಜ್ಞೆಯಾಗಿ ಕೊಟ್ಟನು; ಆದುದರಿಂದ ಅದು ಕೈಕಾಲುಗಳಿಂದ ಮಾಡತಕ್ಕ ಕೆಲಸವಾಗಿರಲೇಬೇಕು. ಸರದಿ, ಪಟ್ಟಿ, ವಾರದ ಅಕ್ಕಿ, ರೋಗಿಯ ಭೇಟಿ ಎಂಬ ಈ ಶುಷ್ಕವಾದ ಏರ್ಪಾಡುಗಳು ಇಲ್ಲದ ಸಭೆಯಲ್ಲಿ ಪ್ರೀತಿಯು ನಮಗೆ ಹಿಡಿಸಿದವರ ಮನೆಯ ವರೆಗೆ ಮಾತ್ರ ನಡೆದು ಹೋಗುವುದು. ಎರಡನೆಯದು, ಅಂತಹ ಸೇವೆಯೂ ಎಲ್ಲವನ್ನೂ ಸರಿಪಡಿಸಲಾರದು. ತಂದೆಯವರ ಭೇಟಿಗಳಿಂದ ಮುರಿದ ಸಂಬಂಧ ಕೂಡಲಿಲ್ಲ. ಆ ಪ್ರಶ್ನೆ ಇಂದಿಗೂ ಬೇರೆ ಬೇರೆ ತಟ್ಟೆಗಳ ಮುಂದೆ ಕೇಳಿಬರುತ್ತಿರುವುದು. ಒಬ್ಬನ ತಾಳ್ಮೆಯನ್ನು ಹೊಗಳಿ ಇಡೀ ಸಭೆ ತನ್ನ ಪಾಲಿನ ಕೆಲಸದಿಂದ ತಪ್ಪಿಸಿಕೊಳ್ಳಬಾರದು. ಪ್ರಶ್ನೆಯನ್ನು ಕೇಳಿದಾಗ ಅಲ್ಲಿ ಹತ್ತು ಮಂದಿ ಕುಳಿತಿದ್ದರು. ಒಬ್ಬರಾದರೂ, ಈ ಮಾತು ನಮ್ಮಲ್ಲಿ ಕೂಡದು ಎಂದಿದ್ದರೆ ಕಥೆ ಬೇರೆಯಾಗುತ್ತಿದ್ದಿತೋ ಏನೋ.

ಈಗ ನಮ್ಮ ಸೀಮೆಗೆ ಹೊಸ ಅನಾಥರು ಬಂದಿರುವರು. ಬರದಿಂದ ಬಂದವರಲ್ಲ, ಕೂಲಿಗಾಗಿ ಬಂದವರು. ೧೯೮೬ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆಯಿತು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನ ಜೊತೆಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಸದ್ದು ಸೇರಿತು. ಹೊಸಕೋಟೆಯ ಹೊಲಗಳಲ್ಲಿ ಉಗ್ರಾಣಗಳೆದ್ದವು. ಝಾರ್ಖಂಡ, ಒಡಿಶಾ, ಅಸ್ಸಾಮುಗಳಿಂದ ಬಂದ ಹುಡುಗ ಹುಡುಗಿಯರಲ್ಲಿ ಕ್ರೈಸ್ತರೂ ಇರುವರು. ಭಾನುವಾರ ರಜೆ ಸಿಕ್ಕರೆ ಅವರು ದೇವಾಲಯಕ್ಕೆ ಬರುವರು. ಹಿಂದಿನ ಕಂಬದ ಬಳಿ ನಿಲ್ಲುವರು. ಪರಮಪ್ರಸಾದವನ್ನು ಸ್ವೀಕರಿಸಿ, ಯಾರೊಡನೆಯೂ ಮಾತಿಲ್ಲದೆ ಹೊರಟುಹೋಗುವರು. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಪೂಜೆ ಲತೀನಿನಲ್ಲಿದ್ದಿತು. ೧೯೬೨ರಿಂದ ೧೯೬೫ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಅದು ಕನ್ನಡಕ್ಕೆ ಬಂದಿತು. ಅದು ನಮ್ಮ ಭಾಗ್ಯ. ಅದನ್ನು ಬಿಟ್ಟುಕೊಡಬೇಕಾದ ಕಾರಣವಿಲ್ಲ. ಆದರೆ ಕನ್ನಡವನ್ನು ಬೇಲಿಯಾಗಿ ನೆಡುವುದು ಬೇರೆ, ಬಂದವನಿಗೆ ಕಲಿಸಿ ಮನೆಯವನನ್ನಾಗಿ ಮಾಡಿಕೊಳ್ಳುವುದು ಬೇರೆ. ಹುಡುಗನೊಬ್ಬನಿಗೆ ಊಟಕ್ಕೆ ಕರೆದು, ಮುದ್ದೆಯನ್ನು ಮುರಿಯುವುದನ್ನು ತೋರಿಸುತ್ತ ನಾಲ್ಕು ಮಾತನ್ನು ಕಲಿಸಿದರೆ ಭಾಷೆಗೂ ಲಾಭ, ಧರ್ಮಕ್ಕೂ ಲಾಭ.

ಇವರಿಗೆ ಕಾಯಿಲೆಯಾದರೆ ಗಂಜಿ ಕೊಡುವವರು ಯಾರು? ಹೆರಿಗೆಯಾದರೆ ನೀರೆರೆಯುವವರು ಯಾರು? ಯಂತ್ರಕ್ಕೆ ಸಿಕ್ಕಿ ಸತ್ತರೆ ಹೆಣವನ್ನು ಊರಿಗೆ ಕಳುಹುವವರು, ಇಲ್ಲವೆ ನಮ್ಮ ಸ್ಮಶಾನದಲ್ಲಿ ಆರಡಿ ನೆಲವನ್ನು ಕೊಡುವವರು ಯಾರು? ಈ ಪ್ರಶ್ನೆಗಳಿಗೆ ಹಿಂದೆ ಸಿಲುವೆಪುರವೂ ನಾಗೇನಹಳ್ಳಿಯೂ ಮಣ್ಣಿನ ಗೋಡೆಗಳನ್ನೆಬ್ಬಿಸಿ ಉತ್ತರವನ್ನು ಕೊಟ್ಟುವು. ಈಗ ಊರನ್ನು ಕಟ್ಟಬೇಕಾಗಿಲ್ಲ; ಕಟ್ಟಿದ ಊರಿನೊಳಕ್ಕೆ ಕರೆದುಕೊಂಡರೆ ಸಾಕು. ಅದಕ್ಕೆ ದೊಡ್ಡ ನಿಧಿಯೂ ಬೇಡ, ಸಮಿತಿಯೂ ಬೇಡ. ಬರುವ ಭಾನುವಾರ ಪೂಜೆ ಮುಗಿದ ಮೇಲೆ, ಕಂಬದ ಬಳಿ ನಿಂತವನು ಮೆಟ್ಟಲಿಳಿಯುವುದಕ್ಕೆ ಮುಂಚೆ, ಯಾರಾದರೊಬ್ಬರು ಹೋಗಿ ಅವನ ಹೆಸರನ್ನು ಕೇಳಲಿ. ಕುಲವನ್ನಲ್ಲ, ಹೆಸರನ್ನು.