ಪ್ರತಿಯೂ ಪರೀಕ್ಷೆಯೂ

ಮನೆಯಲ್ಲಿ ಬೆಲೆಬಾಳುವ ಕಾಗದವೊಂದಿದ್ದರೆ ಅದಕ್ಕೊಂದು ಪ್ರತಿಯನ್ನು ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗುವುದು ಗೃಹಸ್ಥರ ಸ್ವಭಾವ. ನಾವೂ ಅರುವತ್ತು ವರ್ಷಗಳ ಕಾಲ ಹಾಗೆಯೇ ನಂಬಿ ಬಾಳಿದವರು. ಪ್ರತಿಯಿದೆಯೆಂಬುದು ಒಂದು ಮಾತು. ಪ್ರತಿಯಿಂದ ಮೂಲವು ಮರಳಿ ಬರುತ್ತದೆಯೆಂಬುದು ಬೇರೊಂದು ಮಾತು. ಈ ತಿಳಿವಳಿಕೆ ನಮಗೆ ಬಂದುದು ತೀರ ಈಚೆಗೆ. ಅದಕ್ಕಾಗಿ ನಾವು ತೆತ್ತ ಬೆಲೆಯನ್ನು ವಾಚಕರ ಮುಂದೆ ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನೋ ಉಂಟು. ಆದರೂ ಒಬ್ಬರ ಮನೆಯಾದರೂ ಎಚ್ಚತ್ತೀತೆಂಬ ಆಸೆಯಿಂದ ಬರೆಯುತ್ತಿದ್ದೇವೆ.

ಚಿಂತಾಮಣಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತರಾಗಿದ್ದೇವೆ. ಪಾಠವಿಲ್ಲದ ಹೊತ್ತಿನಲ್ಲಿ ನಮಗಿದ್ದ ವ್ಯಸನವೆಂದರೆ ಹಳ್ಳಿಯ ಮಾತುಗಳನ್ನು ಕೂಡಿಹಾಕುವುದು. ಅಮರಕೋಶವನ್ನು ಕಂಠಪಾಠ ಮಾಡಿದ ನಾಲಗೆಗೆ ಒಕ್ಕಲುಮಕ್ಕಳ ಕೋಶವೂ ಅಷ್ಟೇ ರುಚಿಸಿತು. ಶಿಡ್ಲಘಟ್ಟದ ಸುತ್ತಿನ ಹುಳುಮನೆಗಳಲ್ಲಿ, ಗೌರಿಬಿದನೂರಿನ ಹೊಲಗಳಲ್ಲಿ, ಚಿಕ್ಕಬಳ್ಳಾಪುರದ ಸಂತೆಯಲ್ಲಿ ಕಿವಿಗೆ ಬಿದ್ದ ಶಬ್ದಗಳನ್ನು ಚೀಟಿಗಳಲ್ಲಿ ಬರೆದಿಡುತ್ತಿದ್ದೆವು. ರೇಷ್ಮೆಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ನಿಶ್ಚಲವಾಗುವುದನ್ನು ನಮ್ಮ ಕಡೆಯವರು ‘ಜ್ವರ’ವೆನ್ನುತ್ತಾರೆ, ಗೂಡು ಕಟ್ಟುವ ಹದಕ್ಕೆ ಬಂದುದನ್ನು ‘ಹಣ್ಣಾಯಿತು’ ಎನ್ನುತ್ತಾರೆ. ಇಂಥವು ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಸಾವಿರವನ್ನು ಮೀರಿದುವು. ಅವುಗಳಲ್ಲಿ ಕಡೆಯ ಆರುನೂರು ಚಿಲ್ಲರೆ ಶಬ್ದಗಳು ಶಿಡ್ಲಘಟ್ಟದ ಸಮೀಪದ ಹಳ್ಳಿಯ ಅಜ್ಜಿಯೊಬ್ಬರಿಂದ ಬಂದುವು. ಎಂಬತ್ತು ದಾಟಿದ ಆಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ, “ಬನ್ನಿ ಮೇಷ್ಟ್ರೇ, ಇವತ್ತು ಎಷ್ಟು ಮಾತು ಬೇಕು?” ಎಂದು ಕೇಳುತ್ತಿದ್ದರು.

ಚೀಟಿಗಳನ್ನೆಲ್ಲ ನಮ್ಮ ಶಿಷ್ಯರು ಗಣಕಯಂತ್ರಕ್ಕೆ ಏರಿಸಿಕೊಟ್ಟರು. ಅವರಲ್ಲೊಬ್ಬನು ಚಿಕ್ಕಬಳ್ಳಾಪುರದ ವಿದ್ಯಾಸಂಸ್ಥೆಯೊಂದರಲ್ಲಿ ಸರ್ವರ್‌ಗಳ ಮೇಲ್ವಿಚಾರಕನಾಗಿದ್ದನು. ಆಡಳಿತದವರ ಅನುಮತಿ ಪಡೆದು ನಮ್ಮ ಕೋಶಕ್ಕೆ ಅಲ್ಲಿಯೇ ಜಾಗ ಮಾಡಿಕೊಟ್ಟನು. 2022ರಲ್ಲಿ ಮನೆಗೆ ಸುಣ್ಣ ಬಳಿಸಿದಾಗ ಚೀಟಿಯ ಪೆಟ್ಟಿಗೆಗಳಿಗೆ ಗೆದ್ದಲು ಹತ್ತಿದ್ದುದು ಕಂಡಿತು. “ಇರಲಿ, ಕೊಡವಿ ಅಟ್ಟದ ಮೇಲಿಡೋಣ” ಎಂದರು ನಮ್ಮ ಮನೆಯವರು. “ಪ್ರತಿ ಇದೆಯಲ್ಲ, ಈ ಕಸವೇಕೆ?” ಎಂದು ನಾವೇ ಹಳೆಯ ಕಾಗದ ಕೊಳ್ಳುವವನಿಗೆ ತೂಕಕ್ಕೆ ಹಾಕಿಬಿಟ್ಟೆವು. ಆ ದಿನ ಆ ಮಾತನ್ನು ಎಷ್ಟು ಗರ್ವದಿಂದ ಆಡಿದೆವೆಂಬುದನ್ನು ನೆನೆದರೆ ಈಗಲೂ ಮುಖ ಬಾಡುತ್ತದೆ.

ಆ ಸರ್ವರ್‌ಗಳ ವ್ಯವಸ್ಥೆಯನ್ನು ಶಿಷ್ಯನು ನಮಗೆ ಒಂದು ಸಂಜೆ ಬಿಡಿಸಿ ಹೇಳಿದನು. ಅಲ್ಲಿದ್ದ ದೊಡ್ಡ ಯಂತ್ರಗಳು ಮೂರೇ. ಆದರೆ ಒಂದೊಂದರೊಳಗೂ ಆರೇಳು ಯಂತ್ರಗಳಿರುವಂತೆ ನಡೆಯುತ್ತವೆ. ಇವಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ನಾವು ಕಲ್ಪಿತಯಂತ್ರವೆಂದು ಕರೆದೆವು. ಒಂದೇ ಸೂರಿನ ಕೆಳಗೆ ಹಲವು ಸಂಸಾರಗಳು ವಾಸಿಸುವ ವಠಾರವನ್ನು ನೆನೆದುಕೊಂಡರೆ ವಾಚಕರಿಗೆ ವಿಷಯ ಹೊಳೆಯುತ್ತದೆ. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಅಡಿಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಫೀಸಿನ ಲೆಕ್ಕ ಒಂದರಲ್ಲಿ, ಗ್ರಂಥಾಲಯದ ಪಟ್ಟಿ ಇನ್ನೊಂದರಲ್ಲಿ, ನಮ್ಮ ಕೋಶ ಮತ್ತೊಂದರಲ್ಲಿ. ಇಂಥ ಮೂರು ವಠಾರಗಳು ಕೂಡಿದುದೇ ಕ್ಲಸ್ಟರ್. ಒಂದು ವಠಾರ ಬಿದ್ದರೆ ಅಲ್ಲಿನ ಸಂಸಾರಗಳು ಉಳಿದೆರಡರಲ್ಲಿ ತಾವಾಗಿಯೇ ಮತ್ತೆ ಮೇಲೇಳುತ್ತವೆ.

“ಹಾಗಾದರೆ ಪ್ರತಿಯೇಕಪ್ಪಾ?” ಎಂದು ಕೇಳಿದೆವು. “ಮೂರು ವಠಾರಕ್ಕೂ ಉಗ್ರಾಣ ಒಂದೇ, ಮೇಷ್ಟ್ರೇ” ಎಂದನು. ಕಲ್ಪಿತಯಂತ್ರವೆಂದರೆ ಕಡೆಗೆ ಕೆಲವು ದೊಡ್ಡ ಕಡತಗಳಷ್ಟೆ. ಆ ಕಡತಗಳಿರುವ ಸಂಗ್ರಹಣೆಯೇ ಕೆಟ್ಟರೆ ಯಂತ್ರಗಳು ಗಟ್ಟಿಯಾಗಿದ್ದೂ ಫಲವಿಲ್ಲ. ಸಂಗ್ರಹಣೆಯೇ ಒಂದನ್ನು ಮೂರಾಗಿ ಬರೆದುಕೊಳ್ಳುವ ಏರ್ಪಾಡೂ ಉಂಟು. ಆದರೆ ಯಾರಾದರೂ ತಪ್ಪಿ ಅಳಿಸಿದರೆ ಆ ಅಳಿಸುವಿಕೆಯೂ ಮೂರು ಕಡೆಯೂ ನಡೆದುಹೋಗುತ್ತದೆ. ಸ್ನ್ಯಾಪ್‌ಶಾಟ್ ಎಂಬ ಇನ್ನೊಂದು ಉಪಾಯ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಗುರುತಿಟ್ಟುಕೊಳ್ಳುತ್ತದೆ. ಅದೂ ಸಾಮಾನ್ಯವಾಗಿ ಅದೇ ಉಗ್ರಾಣದಲ್ಲಿರುವುದರಿಂದ ಉಗ್ರಾಣದೊಡನೆಯೇ ಹೋಗುತ್ತದೆ. ಆದುದರಿಂದ ಪ್ರತಿರಾತ್ರಿಯೂ ಬೇರೊಂದು ಯಂತ್ರಕ್ಕೆ ಪ್ರತಿಯನ್ನು ತೆಗೆಯತಕ್ಕದ್ದು. ಮೊದಲ ದಿನ ಸಂಪೂರ್ಣ ಪ್ರತಿ. ಆಮೇಲೆ ದಿನದಿನವೂ ಬದಲಾದ ಭಾಗಗಳು ಮಾತ್ರ. ಲೆಕ್ಕದ ಪುಸ್ತಕ ಅರ್ಧ ಬರೆದಿರುವಾಗ ಪ್ರತಿ ಮಾಡಿದರೆ ಕೂಡುವಿಕೆ ತಪ್ಪೀತೆಂದು, ಹಿಡಿದ ಸಾಲನ್ನು ಮುಗಿಸಿ ಒಂದು ಗಳಿಗೆ ಲೇಖನಿಯೆತ್ತು ಎಂದು ಒಳಗಿನ ತಂತ್ರಾಂಶಕ್ಕೆ ಮೊದಲೇ ಸೂಚನೆ ಹೋಗುತ್ತದೆ. ಬೆಳಗಾಗುವ ವೇಳೆಗೆ ಪಟ್ಟಿಯಲ್ಲಿ ‘ಯಶಸ್ವಿ’ ಎಂಬ ಹಸುರು ಅಕ್ಷರಗಳು ಮೂಡುತ್ತವೆ. ನಾವು ಅದನ್ನು ಕಣ್ಣಾರೆ ಕಂಡು ತೃಪ್ತರಾಗಿ ಬಸ್ಸು ಹತ್ತಿ ಊರಿಗೆ ಬಂದೆವು.

2024ರ ಮಳೆಗಾಲದ ಒಂದು ರಾತ್ರಿ ಆ ಉಗ್ರಾಣವು ಕೆಟ್ಟಿತು. ಮೂರು ದಿನದಲ್ಲಿ ಹೊಸ ಸಂಗ್ರಹಣೆ ಬಂತು. ಶಿಷ್ಯನು ಎರಡು ರಾತ್ರಿ ನಿದ್ದೆಗೆಟ್ಟು ಯಂತ್ರಗಳನ್ನು ಒಂದೊಂದಾಗಿ ಪ್ರತಿಯಿಂದ ಎಬ್ಬಿಸಿದನು. ಫೀಸಿನ ಲೆಕ್ಕ ಎದ್ದಿತು, ಗ್ರಂಥಾಲಯ ಎದ್ದಿತು. ನಮ್ಮ ಯಂತ್ರವೂ ಎದ್ದಿತು. ಹೆಸರನ್ನು ಹೇಳಿತು, ಗುಪ್ತಪದವನ್ನು ಕೇಳಿತು, ಬಾಗಿಲನ್ನು ತೆರೆಯಿತು. ಒಳಗೆ ನೋಡಿದರೆ ಕೋಶವೇ ಇಲ್ಲ!

ಕಾರಣ ಮರುದಿನ ತಿಳಿಯಿತು. ಕೋಶವು ಬೆಳೆದು ಜಾಗ ಸಾಲದಾದಾಗ ಆ ಕಲ್ಪಿತಯಂತ್ರಕ್ಕೆ ಎರಡನೆಯದೊಂದು ಡಿಸ್ಕನ್ನು ಸೇರಿಸಿ ಕೋಶವನ್ನು ಅದಕ್ಕೆ ಸಾಗಿಸಿದ್ದರು. ಪ್ರತಿಯ ಪಟ್ಟಿಗೆ ಸೇರದಂತೆ ಡಿಸ್ಕನ್ನು ಗುರುತಿಡುವ ಅವಕಾಶ ಇಂಥ ತಂತ್ರಾಂಶಗಳಲ್ಲಿ ಉಂಟು. ಆ ದಿನದ ಅವಸರದಲ್ಲಿ ಆ ಗುರುತು ಇದಕ್ಕೆ ಬಿದ್ದುಹೋಗಿತ್ತು. ತನಗೆ ಹೇಳಿದಷ್ಟನ್ನು ಪ್ರತಿ ಮಾಡಿದ ಯಂತ್ರವು ‘ಯಶಸ್ವಿ’ ಎಂದುದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟುದನ್ನು ಅದು ಹೇಗೆ ಬಲ್ಲುದು? ಶಿಷ್ಯನು ತಲೆ ತಗ್ಗಿಸಿ ನಿಂತನು. ಅವನನ್ನು ಗದರಿಸುವ ಅಧಿಕಾರ ನಮಗಿತ್ತೆ? ಮೂಲವನ್ನು ತೂಕಕ್ಕೆ ಹಾಕಿದವರು ನಾವಲ್ಲವೆ?

ಪುಣ್ಯವಶಾತ್ ಗೌರಿಬಿದನೂರಿನಲ್ಲಿ ಉಪಾಧ್ಯಾಯಿನಿಯಾಗಿರುವ ಇನ್ನೊಬ್ಬ ಶಿಷ್ಯೆಯು ಓದಿಕೊಳ್ಳುವುದಕ್ಕೆಂದು ಕೋಶವನ್ನು ಒಂದು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದಳು. ಅದು ಹದಿನಾಲ್ಕು ತಿಂಗಳ ಹಿಂದಿನದು. ಅಷ್ಟು ಮರಳಿತು. ಅನಂತರದ ಹದಿನಾಲ್ಕು ತಿಂಗಳದು ಮರಳಲಿಲ್ಲ. ಅಂದರೆ ಆ ಅಜ್ಜಿಯ ಮಾತುಗಳು. ಚೀಟಿಯ ಅಭ್ಯಾಸವನ್ನು ಬಿಟ್ಟು ನೇರವಾಗಿ ಯಂತ್ರಕ್ಕೇ ಬರೆಯಿಸುತ್ತಿದ್ದ ಕಾಲವದು. ಮತ್ತೆ ಕೇಳಿ ಬರೆದುಕೊಳ್ಳೋಣವೆಂದು ಆ ಹಳ್ಳಿಗೆ ಹೋದೆವು. ಅಜ್ಜಿ ಆ ವರ್ಷದ ಯುಗಾದಿಗೆ ಮೊದಲೇ ತೀರಿಕೊಂಡಿದ್ದರು. ಮೊಮ್ಮಗನು ಮಜ್ಜಿಗೆ ಕೊಟ್ಟು ಉಪಚರಿಸಿ, “ನಮಗೆ ಆ ಮಾತುಗಳೆಲ್ಲ ಬರೋದಿಲ್ಲ ಸ್ವಾಮಿ” ಎಂದನು. ಹತ್ತಿಪ್ಪತ್ತು ಶಬ್ದಗಳು ನಮ್ಮ ನೆನಪಿನಲ್ಲಿದ್ದುವು. ಉಳಿದವು ಯಾವುವೆಂಬುದೇ ನಮಗೀಗ ತಿಳಿಯದು. ಕಳೆದುಹೋದುದು ಏನೆಂದು ತಿಳಿಯದಿರುವುದು ಕಳೆದುಕೊಳ್ಳುವುದಕ್ಕಿಂತ ಹೆಚ್ಚಿನ ದುಃಖವೆಂದು ಅಂದು ಕಂಡೆವು.

ಇಂಥದು ಸಣ್ಣ ಊರಿನವರಿಗೆ ಮಾತ್ರ ಆಗುವುದೆಂದು ಯಾರೂ ಭಾವಿಸಬಾರದು. ಲೋಕದ ತಂತ್ರಾಂಶ ರಚಕರು ತಮ್ಮ ಬರಹವನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನೌಕರನೊಬ್ಬನು ತಪ್ಪಾದ ಸರ್ವರಿನಲ್ಲಿ ಆಜ್ಞೆಯನ್ನು ಕೊಟ್ಟು ಸುಮಾರು 300 ಗಿಗಾಬೈಟ್ ದತ್ತಾಂಶವನ್ನು ಅಳಿಸಿದನು. ರಕ್ಷಣೆಗೆ ಹಲವು ಏರ್ಪಾಡುಗಳಿದ್ದುವು. ನಿತ್ಯದ ಪ್ರತಿಯೋ ತಂತ್ರಾಂಶದ ಆವೃತ್ತಿ ಹೊಂದದೆ ನಿಂತುಹೋಗಿತ್ತು. ನಿಂತಿತೆಂದು ಎಚ್ಚರಿಸಬೇಕಾದ ಮಿಂಚಂಚೆಗಳೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮುಂಚೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರನ್ನು ಉಳಿಸಿತು. ಆ ಸಂಸ್ಥೆಯವರು ತಮ್ಮ ತಪ್ಪನ್ನು ಮರೆಮಾಚದೆ ಲೋಕಕ್ಕೆಲ್ಲ ಬರೆದು ತಿಳಿಸಿದುದು ಶ್ಲಾಘ್ಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶಭವನವೊಂದು ಬೆಂಕಿಗೆ ಆಹುತಿಯಾಯಿತು. ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇರಿಸಿದ್ದ ಗಿರಾಕಿಗಳಿಗೆ ಎರಡೂ ಒಟ್ಟಿಗೆ ಬೂದಿಯಾದುವು.

ನಮ್ಮ ನಾಡಿನ ಮಾತನ್ನೇ ಹೇಳುವುದಾದರೆ, ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿಯೇ ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಂದಿನಿಂದ ಕೈಬರಹದ ಪಹಣಿಗೆ ಬೆಲೆಯಿಲ್ಲ, ಯಂತ್ರದಲ್ಲಿರುವುದೇ ಮೂಲ. ಚಿಂತಾಮಣಿಯ ರೈತನ ಎರಡೆಕರೆ ಹೊಲದ ಹಕ್ಕು ಈಗ ಯಂತ್ರದ ನೆನಪಿನಲ್ಲಿದೆ. ಪ್ರತಿಯನ್ನು ಕಾಯುವುದು ಇನ್ನು ಪಂಡಿತರ ಚಪಲವಲ್ಲ, ಮನೆಮನೆಯ ಅನ್ನದ ವಿಷಯ.

ಹಾಗಾದರೆ ಮಾಡತಕ್ಕದ್ದೇನು? ಉತ್ತರವು ನಮಗೆ ಶಿಡ್ಲಘಟ್ಟದಲ್ಲಿಯೇ ದೊರೆಯಿತು. ರೇಷ್ಮೆಯ ಬಿತ್ತನೆ ತಯಾರಿಸುವವರು ಮೊಟ್ಟೆಯ ಅಂದವನ್ನು ನೋಡಿ ನಂಬುವುದಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುತ್ತಾರೆ. ಗಂಟುರೋಗದ ಕಣವು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಶೋಧಿಸಿದ ಲೂಯಿ ಪಾಸ್ತರನು ಕೊಟ್ಟ ಕ್ರಮವಿದು. ನಮ್ಮ ರೈತನೂ ರಾಗಿಯ ಬೀಜವನ್ನು ಬಿತ್ತುವ ಮುನ್ನ ಒಂದು ಹಿಡಿಯನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾನೆ. ಬೀಜವು ಇದೆಯೆಂಬುದಲ್ಲ, ಬೀಜವು ಮೊಳೆಯುತ್ತದೆಯೆಂಬುದು ಅವನಿಗೆ ಬೇಕಾದ ಮಾತು.

ವೇದವನ್ನು ಉಳಿಸಿದ ನಮ್ಮ ಹಿರಿಯರೂ ಇದನ್ನೇ ಮಾಡಿದರು. ಸಂಹಿತೆಯನ್ನು ಒಮ್ಮೆ ಉರುಹಾಕಿಸಿ ಬಿಡಲಿಲ್ಲ. ಪದವಾಗಿ ಒಡೆದರು, ಕ್ರಮದಲ್ಲಿ ಒಂದು-ಎರಡು, ಎರಡು-ಮೂರು ಎಂದು ಹೆಣೆದರು, ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ ಹೇಳಿಸಿದರು. ಒಂದಕ್ಷರ ಜಾರಿದರೂ ಹೆಣಿಗೆಯಲ್ಲಿ ಸಿಕ್ಕಿಬೀಳಬೇಕು. ಪ್ರತಿಯ ತುಣುಕುತುಣುಕಿಗೂ ಚೆಕ್‌ಸಮ್ ಎಂಬ ಅಂಕವನ್ನು ಕಟ್ಟಿ ತಾಳೆನೋಡುವ ಇಂದಿನ ತಂತ್ರವು ನಮಗೆ ಆದುದರಿಂದ ಅಪರಿಚಿತವೆನಿಸಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗುರುವಿನ ಮುಂದೆ ಶಿಷ್ಯನು ಪಾಠವನ್ನು ಒಪ್ಪಿಸಬೇಕಾಗಿತ್ತು. ಒಪ್ಪಿಸದ ಪಾಠವು ಬಂದಿದೆಯೆಂದು ಯಾವ ಗುರುವೂ ನಂಬಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಂದ ಪಾಠವನ್ನು ಒಪ್ಪಿಸಿಕೊಂಡ ನಾವು ಯಂತ್ರದಿಂದ ಒಮ್ಮೆಯೂ ಒಪ್ಪಿಸಿಕೊಳ್ಳದೆಹೋದೆವಲ್ಲ!

ಈಗ ಆ ಸಂಸ್ಥೆಯಲ್ಲಿ ತಿಂಗಳ ಮೊದಲ ಶನಿವಾರ ಯಂತ್ರಗಳ ಪರೀಕ್ಷೆ ನಡೆಯುತ್ತದೆ. ಚೀಟಿಯೆತ್ತಿ ಒಂದು ಕಲ್ಪಿತಯಂತ್ರವನ್ನು ಆರಿಸಿ, ಅದನ್ನು ಪ್ರತಿಯಿಂದ ಬೇರೆಯಾಗಿ ಎಬ್ಬಿಸುತ್ತಾರೆ. ಒಂದೇ ಹೆಸರಿನ, ಒಂದೇ ವಿಳಾಸದ ಇಬ್ಬರು ಊರಿನಲ್ಲಿ ಓಡಾಡಿದರೆ ಅಂಚೆಯವನಿಗೆ ಗೊಂದಲವಷ್ಟೆ. ಅದಕ್ಕಾಗಿ ಹಾಗೆ ಎದ್ದುದನ್ನು ಮುಖ್ಯಜಾಲಕ್ಕೆ ಸೇರಿಸದೆ ಪ್ರತ್ಯೇಕವಾಗಿಡುತ್ತಾರೆ. ಏಳಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಗಂಟೆಗಳ ಬರಹವು ಕೊರತೆಯಾಯಿತು ಎಂಬೆರಡನ್ನು ಬರೆದಿಡುತ್ತಾರೆ. ಆ ಯಂತ್ರದ ಕೆಲಸವನ್ನು ಬಲ್ಲವರೇ ಬಂದು ಒಳಗನ್ನು ನೋಡಬೇಕೆಂಬುದು ನಿಯಮ. ಪ್ರತಿಗಳು ಈಗ ಮೂರು. ಇರುವುದು ಎರಡು ಬಗೆಯ ಸಾಧನಗಳಲ್ಲಿ. ಒಂದು ಬೆಟ್ಟಗಳಾಚೆಯ ಗೌರಿಬಿದನೂರಿನ ಶಾಖೆಯಲ್ಲಿ. ಅದರಲ್ಲಿ ಬರೆದುದನ್ನು ಗೊತ್ತಾದ ಅವಧಿಯವರೆಗೆ ಮೇಲ್ವಿಚಾರಕನೂ ಅಳಿಸಲಾರನು. ಕಳ್ಳನು ಅವನ ಕೀಲಿಯನ್ನು ಕದ್ದರೂ ಪ್ರತಿಯು ಉಳಿಯಲೆಂದು ಈ ಕಟ್ಟು. ನಮ್ಮ ಕೋಶದ ಸರದಿ ಬಂದಾಗ ನಮಗೆ ಕರೆಬರುತ್ತದೆ. ನಾವು ಹೋಗಿ ‘ಜ್ವರ’ವನ್ನು ಕೇಳುತ್ತೇವೆ, ‘ಹಣ್ಣು’ ಕೇಳುತ್ತೇವೆ, ಹಿಂದಿನ ವಾರ ಸೇರಿಸಿದ ಶಬ್ದವೊಂದನ್ನು ಕೇಳುತ್ತೇವೆ. ಮೂರನ್ನೂ ಒಪ್ಪಿಸಿದರೆ ಪುಸ್ತಕದಲ್ಲಿ ರುಜು ಹಾಕಿ ಬರುತ್ತೇವೆ. ಚೀಟಿಯ ಅಭ್ಯಾಸವನ್ನೂ ಮತ್ತೆ ಹಿಡಿದಿದ್ದೇವೆ; ನಮ್ಮ ಮನೆಯವರು ಅಟ್ಟದಲ್ಲಿ ಜಾಗ ಮಾಡಿಕೊಟ್ಟಿದ್ದಾರೆ.

ವಾಚಕರ ಮನೆಗಳಲ್ಲಿ ಸರ್ವರ್‌ಗಳಿಲ್ಲದಿರಬಹುದು. ಆದರೆ ಕ್ರಯಪತ್ರವಿದೆ, ಮಕ್ಕಳ ಅಂಕಪಟ್ಟಿಯಿದೆ, ತೀರಿಹೋದ ಹಿರಿಯರ ದನಿಯು ಫೋನಿನಲ್ಲಿದೆ. ‘ಎಲ್ಲೋ ಇದೆ’ ಎನ್ನುವುದನ್ನು ಬಿಟ್ಟು, ಈ ಭಾನುವಾರ ಒಂದೇ ಒಂದನ್ನು ಪ್ರತಿಯಿಂದ ಹೊರತೆಗೆದು ನೋಡಿರಿ. ಪತ್ರದ ಕಡೆಯ ಪುಟವೂ ಓದಲು ಬರುತ್ತದೆಯೇ, ದನಿಯು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿರಿ. ಮೂಲವು ಇನ್ನೂ ಕೈಯಲ್ಲಿರುವಾಗ ತಪ್ಪು ಕಂಡರೆ ಅದು ಅರ್ಧ ಗಂಟೆಯ ಕೆಲಸ. ಅನಂತರ ಕಂಡರೆ ಏನಾಗುತ್ತದೆಂಬುದನ್ನು ನಾವು ಆ ಹಳ್ಳಿಯ ಜಗಲಿಯ ಮೇಲೆ ಕುಳಿತು ಕಲಿತೆವು. ನಮ್ಮ ವಾಚಕರು ಅದನ್ನು ಇಲ್ಲಿ ಓದಿಯೇ ಕಲಿಯಲಿ.